ವಿದ್ಯಾರ್ಥಿ ಮಧ್ವರಾಜರ ವಾರಾನ್ನ

ಅರವತ್ತು ದಾಟಿದ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಮಂಡಿನೋವು ಬರುತ್ತದೆ, ಪುಣ್ಯ ಮಾಡಿದ್ದರೆ ಮೊಮ್ಮಗು ಬರುತ್ತದೆ. ಚೆನ್ನೈನ ಕ್ರೋಂಪೇಟೆಯ ಮಧ್ವರಾಜರಿಗೆ ಬಂದದ್ದು ವಿದ್ಯಾರ್ಥಿಯ ಗುರುತಿನ ಚೀಟಿ. ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಫೈಲು ಕಟ್ಟಿ ನಿವೃತ್ತರಾದ ಮೇಲೆ, ಮನೆಯಲ್ಲಿ ಕೂತು ಮಾಡುವುದೇನು ಎಂದು ಅವರು ಅಂಚೆ ಶಿಕ್ಷಣದಲ್ಲಿ ತತ್ತ್ವಶಾಸ್ತ್ರದ ಎಂ.ಎ.ಗೆ ಸೇರಿದ್ದರು. ಪುಸ್ತಕದ ಕಟ್ಟು ಬಂದು ಆರು ತಿಂಗಳಾದರೂ ಅದರ ದಾರ ಬಿಚ್ಚಿರಲಿಲ್ಲ. ಗುರುತಿನ ಚೀಟಿ ಮಾತ್ರ ಬಂದ ದಿನದಿಂದ ನೀಲಿ ಪಟ್ಟಿಯ ತುದಿಯಲ್ಲಿ ಅವರ ಎದೆಯ ಮೇಲೆ ತೂಗುತ್ತಿತ್ತು. ಬೆಳಿಗ್ಗೆ ಹಾಲಿನ ಬೂತಿಗೆ ಹೋಗುವಾಗಲೂ ತೂಗುತ್ತಿತ್ತು.

ಚೀಟಿ ಇದ್ದ ಮೇಲೆ ರಿಯಾಯಿತಿ ಕೇಳದೆ ಇರಲಾದೀತೆ? ಲೋಕಲ್ ರೈಲಿನ ಟಿಕೆಟ್ ಕೌಂಟರಿನಲ್ಲಿ ವಿದ್ಯಾರ್ಥಿ ಪಾಸು ಕೇಳಿದಾಗ ಅಲ್ಲಿನ ಹೆಂಗಸು ಚೀಟಿಯನ್ನೂ ಮುಖವನ್ನೂ ಮೂರು ಸಲ ನೋಡಿ, ಪಕ್ಕದ ಕೌಂಟರಿನವಳನ್ನೂ ಕರೆದು ತೋರಿಸಿ, ವಯಸ್ಸಿನ ಮಿತಿ ಇದೆ ತಾತಾ ಎಂದು ಮರಳಿಸಿದ್ದಳು. ಕ್ಷೌರದಂಗಡಿಯವನು ಮಾತ್ರ ಅರ್ಧ ದರಕ್ಕೆ ಒಪ್ಪಿದ. ಅಲ್ಲಿ ಕೆಲಸವೂ ಅರ್ಧವೇ ಇತ್ತು.

ನಿಜವಾಗಿ ಫಲಿಸಿದ ರಿಯಾಯಿತಿ ಒಂದೇ. ಫೋಟೋ ತಿದ್ದುವ ಒಂದು ಸಾಫ್ಟ್‌ವೇರನ್ನು ವಿದ್ಯಾರ್ಥಿಗಳಿಗೆ ಕಾಲು ಭಾಗ ಬೆಲೆಗೆ ಕೊಡುತ್ತಿದ್ದರು. ಅಲ್ಲಿ ಮುಖ ನೋಡುವವರಿಲ್ಲ, ಚೀಟಿಯ ಚಿತ್ರ ಕಳಿಸಿದರೆ ಸಾಕು. ಮಧ್ವರಾಜರು ಕಳಿಸಿದರು. ಐದು ನಿಮಿಷದಲ್ಲಿ ಕಂಪ್ಯೂಟರಿನ ಮೇಲುಮೂಲೆಯಲ್ಲಿ ಅವರ ಹೆಸರು, ಅದರ ಕೆಳಗೆ ಹಸಿರು ಬಣ್ಣದಲ್ಲಿ 'ವಿದ್ಯಾರ್ಥಿ' ಎಂಬ ಮಾತು ಮೂಡಿತು. ಅದನ್ನು ಹೆಂಡತಿ ಜಯಲಕ್ಷ್ಮಿಗೆ ತೋರಿಸಲು ಒಳಗಿನಿಂದ ಕರೆದುಕೊಂಡು ಬಂದರು. ಆಕೆ ಒಗ್ಗರಣೆ ಸೀದೀತು ಎಂದು ವಾಪಸು ಹೋದರು.

ಈ ಜಯಲಕ್ಷ್ಮಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಚೆನ್ನೈನಲ್ಲಿ ಕನ್ನಡದವರ ಮನೆಯಿಂದ ಮನೆಗೆ ಮಾತಿನ ಧಾಟಿ ಬೇರೆ, ಸಾರಿನ ಪುಡಿ ಬೇರೆ, ಒಬ್ಬರದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಆದರೆ ಜಯಲಕ್ಷ್ಮಿಯ ಸಾರಿನ ವಿಷಯದಲ್ಲಿ ಕ್ರೋಂಪೇಟೆಯಿಂದ ಮಾಧವರಂವರೆಗೆ ಭಿನ್ನಮತವಿರಲಿಲ್ಲ. ಕನ್ನಡ ಸಂಘದಲ್ಲಿ ಯಾವ ಸಂತರ್ಪಣೆಯಾದರೂ ಒಲೆ ಹಚ್ಚುವ ಮುಂಚೆ ಅವರನ್ನು ಒಂದು ಮಾತು ಕೇಳುತ್ತಿದ್ದರು. ಅವರಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯ ಆಸೆಯೂ ಅಷ್ಟಕ್ಕಷ್ಟೆ. ಇದ್ದದ್ದು ಈ ಒಂದು ಹೆಸರು, ಅದನ್ನು ಮೂವತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದರು.

ಮಧ್ವರಾಜರ ಮೊದಲ ಕೆಲಸ ಹಿಂದಿನ ಬೀದಿಯ ಅಮ್ಮಣ್ಣಿಯವರದು. ಎಂಬತ್ತರ ಮುದುಕಿ, ಕ್ರೋಂಪೇಟೆಯ ಕನ್ನಡದವರಿಗೆಲ್ಲ ಅತ್ತೆ. ಅವರು ತೀರಿಕೊಂಡ ಯಜಮಾನರ ಫೋಟೋ ತಂದರು. ಎಡಗಿವಿಯನ್ನು ಗೆದ್ದಲು ತಿಂದಿತ್ತು. ಮಧ್ವರಾಜರು ಎರಡು ದಿನ ಕೂತು ಬಲಗಿವಿಯನ್ನೇ ತಿರುಗಿಸಿ ಎಡಕ್ಕೆ ಅಂಟಿಸಿದರು. ಅಮ್ಮಣ್ಣಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಬದುಕಿದ್ದಾಗ್ಲೂ ಎರಡು ಕಿವೀನೂ ಹೀಗೇ ಕೆಲಸ ಮಾಡಿದ್ರೆ ನನ್ನ ಮಾತು ಕೇಳ್ತಿದ್ರು" ಎಂದು, ವೀಳ್ಯದೆಲೆಯ ಮೇಲೆ ಐನೂರರ ನೋಟಿಟ್ಟು ಕೊಟ್ಟರು. ಹಿರಿಯರು ತಾಂಬೂಲದಲ್ಲಿ ಕೊಟ್ಟದ್ದನ್ನು ಬೇಡ ಎನ್ನುವುದುಂಟೆ? ಮಧ್ವರಾಜರು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು.

ಅಲ್ಲಿಂದ ಕೆಲಸ ಹರಿದು ಬಂತು. ಮದುವೆಗೆ ಇರುವ ಹುಡುಗರ ತಲೆಗೆ ಕೂದಲು ಬಂತು. ಗ್ರೂಪ್ ಫೋಟೋದಲ್ಲಿ ಆಸ್ತಿ ಜಗಳವಾಡಿದ ಚಿಕ್ಕಪ್ಪಂದಿರು ಮಾಯವಾಗಿ ಅಲ್ಲಿ ಕ್ರೋಟನ್ ಗಿಡಗಳು ಬೆಳೆದವು. ಎಲ್ಲರೂ ತಾಂಬೂಲದಲ್ಲಿ ಏನಾದರೂ ಇಟ್ಟು ಕೊಡುತ್ತಿದ್ದರು. ಇದು ವ್ಯಾಪಾರ ಎಂಬ ಯೋಚನೆ ಮಧ್ವರಾಜರ ಕನಸಿನಲ್ಲೂ ಸುಳಿದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕಂಪನಿಯಿಂದ ಮೇಲ್ ಬಂತು. ವಿದ್ಯಾರ್ಥಿ ಪರವಾನಗಿ ಕಲಿಕೆಗೆ ಮಾತ್ರ, ವಾಣಿಜ್ಯ ಕೆಲಸಕ್ಕೆ ಅಲ್ಲ ಎಂದು ನೆನಪಿಸುತ್ತೇವೆ ಎಂದಿತ್ತು. ಲಕ್ಷಾಂತರ ಜನರಿಗೆ ಯಂತ್ರವೇ ಕಳಿಸುವ ಕಾಗದ ಅದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮ ಮಧ್ವರಾಜರದು. ಲುಂಗಿಯಲ್ಲೇ ಎದುರು ಮನೆಗೆ ಓಡಿದರು. ಅಲ್ಲಿ ಬ್ಯಾಂಕಿನ ಕಾನೂನು ವಿಭಾಗದಿಂದ ನಿವೃತ್ತರಾದ ರಾಮದಾಸರು, ಮಾಡಲು ಕೇಸಿಲ್ಲದೆ ಬಹಳ ದಿನದಿಂದ ಬೇಸರದಲ್ಲಿದ್ದರು.

ರಾಮದಾಸರು ಷರತ್ತುಗಳ ಇಪ್ಪತ್ತೇಳು ಪುಟವನ್ನೂ ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು ಓದಿದರು. ಓದುತ್ತ ಓದುತ್ತ ಅವರ ಮುಖಕ್ಕೆ ಕಳೆ ಬಂತು.

"ಪ್ರತಿಫಲ ತಗೊಂಡ್ರೆ ಕಮರ್ಷಿಯಲ್ಲು ಕಣಯ್ಯಾ. ವೀಳ್ಯದೆಲೆ ಮೇಲೆ ತಗೊಂಡ್ರೂ ಅಷ್ಟೇ, ಕವರಲ್ಲಿ ತಗೊಂಡ್ರೂ ಅಷ್ಟೇ," ಎಂದರು. ಕೋರ್ಟು ಯಾವುದಾಗಬಹುದು ಎಂದೂ ಯೋಚಿಸಿದರು. ಕಂಪನಿ ಅಮೆರಿಕದ್ದು, ಆದ್ದರಿಂದ ವಿಮಾನದಲ್ಲಿ ಹೋಗಿಬರಬೇಕಾದೀತು ಎಂದರು.

ಪೂರ್ತಿ ಬೆಲೆ ಕೊಟ್ಟು ದೊಡ್ಡ ಪರವಾನಗಿ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬುದೂ ಆ ಇಪ್ಪತ್ತೇಳು ಪುಟದಲ್ಲಿತ್ತು, ರಾಮದಾಸರು ಅದನ್ನು ಹೇಳಿಯೂ ಹೇಳಿದರು. ಮಧ್ವರಾಜರಿಗೆ ಹಣದ ಚಿಂತೆ ಅಷ್ಟಿರಲಿಲ್ಲ. ಹಾಗೆ ಮಾಡಿದರೆ ಮೂಲೆಯ ಹಸಿರು 'ವಿದ್ಯಾರ್ಥಿ' ಹೋಗಿಬಿಡುತ್ತದಲ್ಲ ಎಂಬುದೇ ಚಿಂತೆ. ಮೂವತ್ತಾರು ವರ್ಷ ಹಿರಿಯ ಸಹಾಯಕರೆಂದೇ ಕರೆಸಿಕೊಂಡವರಿಗೆ ಈ ಒಂದು ಕಿರಿತನ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಆಗ ಅವರಿಗೆ ಅಜ್ಜನ ನೆನಪಾಯಿತು. ಅಜ್ಜ ಉಡುಪಿಯಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ. ಬಡ ವಿದ್ಯಾರ್ಥಿಗೆ ಊಟ ಹಾಕುವುದು ಗೃಹಸ್ಥರ ಧರ್ಮ, ಉಣ್ಣುವುದು ವಿದ್ಯಾರ್ಥಿಯ ಹಕ್ಕು. ಅದನ್ನು ಯಾರೂ ವ್ಯಾಪಾರ ಎಂದದ್ದಿಲ್ಲ. ತಾವೂ ಫೋಟೋಗೆ ಕಾಸು ಮುಟ್ಟದೆ ವಾರಾನ್ನ ಉಂಡರೆ ಯಾವ ಅಮೆರಿಕ ಏನು ಮಾಡೀತು? ರಾಮದಾಸರು ಈ ವಾದವನ್ನು ಕೇಳಿ ಕಣ್ಣು ಮುಚ್ಚಿಕೊಂಡರು. ಇಂಥ ಸೊಗಸಾದ ವಾದ ತಮ್ಮ ಸರ್ವೀಸಿನಲ್ಲೇ ಬಂದಿರಲಿಲ್ಲ ಎಂದರು. ಒಂದೇ ಷರತ್ತು ಹಾಕಿದರು.

"ಫೋಟೋಗಾಗಿ ಊಟ ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು. ಬಂತೋ, ಅದು ಕರಾರು. ಫೋಟೋ ಪಾಡಿಗೆ ಫೋಟೋ, ಊಟದ ಪಾಡಿಗೆ ಊಟ. ಸುಮ್ನೆ ಹೋಗು, ಸುಮ್ನೆ ಉಣ್ಣು, ಸುಮ್ನೆ ಬಾ."

ಮಧ್ವರಾಜರು ಆ ಮಾತನ್ನು ಗುರೂಪದೇಶದಂತೆ ಪಾಲಿಸಿದರು. ಅನರ್ಥವೆಲ್ಲ ಶುರುವಾದದ್ದು ಅಲ್ಲಿಂದಲೇ.

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಅಮ್ಮಣ್ಣಿಯವರ ಬಾಗಿಲಲ್ಲಿ ಮಧ್ವರಾಜರು ನಿಂತಿದ್ದರು. ಕೊರಳಲ್ಲಿ ಚೀಟಿ, ಕೈಯಲ್ಲಿ ಏನೂ ಇಲ್ಲ. ಅವರದೇ ಇನ್ನೊಂದು ಫೋಟೋ ತಿದ್ದಿ ಹಿಂದಿನ ದಿನವೇ ಪುಕ್ಕಟೆಯಾಗಿ ತಲುಪಿಸಿದ್ದರು, ದಕ್ಷಿಣೆ ಕೊಡಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ಓಡಿ ಬಂದಿದ್ದರು. ಈಗ ನೆಲ ನೋಡುತ್ತ, "ಅತ್ತೆ, ಇವತ್ತು ನಿಮ್ಮಲ್ಲಿ ಊಟ ಮಾಡಬಹುದಾ?" ಎಂದರು.

ಅಮ್ಮಣ್ಣಿ ಎಲೆ ಹಾಕಿದರು. ತಿಳಿಸಾರು, ಹುರುಳಿಕಾಯಿ ಪಲ್ಯ. ಜಯಲಕ್ಷ್ಮಿ ಊರಲ್ಲಿಲ್ಲವೇ ಎಂದು ಕೇಳಿದರು. ಇದ್ದಾಳೆ ಎಂದರು ಮಧ್ವರಾಜರು. ಮೈ ಸರಿಯಿಲ್ಲವೇ ಎಂದರು. ಚೆನ್ನಾಗಿದ್ದಾಳೆ ಎಂದರು. ಮತ್ತೆ ಯಾಕಪ್ಪಾ ಎಂದದ್ದಕ್ಕೆ ಮಧ್ವರಾಜರು ರಾಮದಾಸರ ಷರತ್ತು ನೆನಪಾಗಿ ತುಟಿ ಕಚ್ಚಿಕೊಂಡು, "ಅದನ್ನ ಹೇಳೋ ಹಾಗಿಲ್ಲ ಅತ್ತೆ. ಮುಂದಿನ ಸೋಮವಾರವೂ ಬರ್ತೀನಿ" ಎಂದರು. ಅಮ್ಮಣ್ಣಿಯ ಕಣ್ಣಲ್ಲಿ ನೀರು ಬಂತು. ಕೇಳದೆಯೇ ಇನ್ನೊಂದು ಸಲ ಅನ್ನ ಬಡಿಸಿದರು.

ಮಂಗಳವಾರ ಬ್ಯಾಂಕಿನ ವಾಸಂತಿಯ ಮನೆ. ಧಾರವಾಡದವಳು, ಮನೆಯಿಂದಲೇ ಕಚೇರಿ ಕೆಲಸ ಮಾಡುವ ವಾರ ಅದು. ಮಗನ ಜಾತಕದ ಜೊತೆ ಕಳಿಸುವ ಫೋಟೋ ತಿದ್ದಿಸಿಕೊಂಡಿದ್ದಳು. ಮಧ್ವರಾಜರು ಅದೇ ಮಾತು ಆಡಿದರು, ಅದೇ ರೀತಿ ನೆಲ ನೋಡಿದರು. ವಾಸಂತಿ ಲ್ಯಾಪ್‌ಟಾಪ್ ಮುಚ್ಚಿ ಬಂದು ನಾಲ್ಕು ರೊಟ್ಟಿ ಬಡಿದಳು. "ನಾಚ್ಕೋಬ್ಯಾಡ್ರಿ ಅಣ್ಣಾರ, ಇನ್ನೊಂದು ತಗೊಳ್ರಿ," ಎಂದು ಕೆಂಪು ಚಟ್ನಿ ಹಾಕಿದಳು. ಖಾರಕ್ಕೆ ಮಧ್ವರಾಜರ ಕಣ್ಣಲ್ಲಿ ಧಾರಾಕಾರ ನೀರು. ಅದನ್ನು ಕಂಡು ವಾಸಂತಿಗೂ ದುಃಖ ತಡೆಯಲಾಗಲಿಲ್ಲ. ಹೊರಡುವಾಗ, "ವೈನಿಗೂ ಒಯ್ಯಿರಿ, ಅವರೂ ಹಸಕೊಂಡು ಕುಂತಿರಬೇಕು" ಎಂದು ಜಯಲಕ್ಷ್ಮಿಗಾಗಿ ಒಂದು ಡಬ್ಬಿ ಕೈಗಿಟ್ಟಳು.

ಮನೆಗೆ ಬಂದರೆ ಮೇಜಿನ ಮೇಲೆ ಜಯಲಕ್ಷ್ಮಿ ಮಾಡಿದ ಅಡಿಗೆ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಇದೇನಿದು ಡಬ್ಬಿ ಎಂದು ಆಕೆ ಕೇಳಿದರು. ಮಧ್ವರಾಜರು ವಿದ್ಯಾರ್ಥಿಧರ್ಮದ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟರು. ಅದರಲ್ಲಿ ಉಡುಪಿ ಬಂತು, ಅಜ್ಜ ಬಂದರು, ಅಮೆರಿಕ ಬಂತು. ಜಯಲಕ್ಷ್ಮಿಗೆ ತಲೆಬುಡ ತಿಳಿಯಲಿಲ್ಲ. ಗಂಡ ಪರೀಕ್ಷೆಗೆ ಏನೋ ವ್ರತ ಹಿಡಿದಿದ್ದಾರೆ, ನಾಲ್ಕು ದಿನದಲ್ಲಿ ಬಿಡುತ್ತದೆ ಎಂದುಕೊಂಡರು.

ನಾಲ್ಕು ದಿನಕ್ಕೆ ಬಿಡಲಿಲ್ಲ. ಬುಧವಾರದ ಮನೆಯಲ್ಲಿ ರಕ್ತದೊತ್ತಡದವರಿದ್ದು ಉಪ್ಪೇ ಇಲ್ಲದ ಊಟ. ಗುರುವಾರ ರೈಲ್ವೆಯ ಕಿಟ್ಟುವಿನ ಮನೆ, ಶುಕ್ರವಾರ ಮತ್ತೊಂದು. ಹುರುಳಿಕಾಯಿ, ರೊಟ್ಟಿ, ಸಪ್ಪೆ, ಹೀಗೆ ಎರಡು ವಾರ ಉಂಡು ಮಧ್ವರಾಜರು ಇಳಿದುಹೋದರು. ಕನ್ನಡಿಯಲ್ಲಿ ನೋಡಿಕೊಂಡು ವಿದ್ಯಾರ್ಥಿಯ ಕಳೆ ಬಂದಿದೆ ಎಂದು ಹಿಗ್ಗಿದರು. ಊರವರು ನೋಡಿ ಬೇರೆಯೇ ಲೆಕ್ಕ ಹಾಕಿದರು.

ಕ್ರೋಂಪೇಟೆಯ ಕನ್ನಡದವರಲ್ಲಿ ಎರಡು ಪಕ್ಷವಾಯಿತು. ಒಂದು ಬಡತನದ ಪಕ್ಷ. ಪಿಂಚಣಿಯನ್ನೆಲ್ಲ ಶೇರಿನಲ್ಲಿ ಕಳೆದಿದ್ದಾನೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಕೊರಳಲ್ಲಿ ಆ ಚೀಟಿ ಬೇರೆ, ಎಂದು ಇವರ ಮತ. ಇನ್ನೊಂದು ಜಗಳದ ಪಕ್ಷ. ಜಯಲಕ್ಷ್ಮಿ ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಳೆ, ಗಂಡನಿಗೆ ಒಂದು ತುತ್ತು ಹಾಕುವುದಿಲ್ಲ, ಅಷ್ಟು ಒಳ್ಳೆಯ ಕೈ ಇದ್ದೂ ಏನು ಬಂತು, ಎಂದು ಇವರ ಮತ. ಎರಡು ಪಕ್ಷದವರಿಗೂ ಮಧ್ವರಾಜರ ಮೇಲೆ ಸಮಾನ ಕರುಣೆಯಿತ್ತು.

ಗಾಳಿಮಾತಿಗೆ ಕಾಲು ಬಂದರೆ ಚೆನ್ನೈನ ಟ್ರಾಫಿಕ್ಕೂ ಅಡ್ಡಿಯಾಗುವುದಿಲ್ಲ. ಒಂದು ಶನಿವಾರ ಮಾಧವರಂನಿಂದ ಜಯಲಕ್ಷ್ಮಿಯ ತಮ್ಮ ಶ್ರೀಕಾಂತ್ ಆಟೋದಲ್ಲಿ ಇಪ್ಪತ್ತೈದು ಕೆ.ಜಿ. ಅಕ್ಕಿ ಹೇರಿಕೊಂಡು ಬಂದ. ಮೂಟೆಯನ್ನು ಸದ್ದಿಲ್ಲದೆ ಅಡಿಗೆಮನೆಯಲ್ಲಿಟ್ಟು, ಅಕ್ಕನ ಕೈ ಹಿಡಿದುಕೊಂಡು, "ಅಕ್ಕಾ, ಭಾವನ ಮೇಲೆ ಕೋಪ ಇದ್ರೆ ಇರಲಿ, ಊಟ ಹಾಕೋದು ನಿಲ್ಲಿಸ್ಬೇಡ. ವಯಸ್ಸಾಗಿದೆ, ಪಾವಂ" ಎಂದು ತಮಿಳು ಬೆರೆಸಿ ಮರುಗಿದ. ಎರಡು ಪಕ್ಷದ ಸುದ್ದಿಯೂ ಕಿವಿಗೆ ಬಿದ್ದದ್ದರಿಂದ ಅವನು ಅಕ್ಕಿಯನ್ನೂ ಬುದ್ಧಿವಾದವನ್ನೂ ಎರಡನ್ನೂ ತಂದಿದ್ದ. ಅವನು ಹೋಗುವಷ್ಟರಲ್ಲಿ ಮದುರೈಯಿಂದ ಮಗಳು ಮಾನ್ಯಾಳ ಫೋನು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರ ಕೊಡುವ ಮಗಳು ಅಂದು ಅತ್ತದ್ದೂ ತಮಿಳಿನಲ್ಲೇ.

ಜಯಲಕ್ಷ್ಮಿ ಫೋನಿಟ್ಟು ಅಕ್ಕಿಮೂಟೆಯ ಪಕ್ಕದಲ್ಲೇ ಕುಳಿತುಬಿಟ್ಟರು. ಹದಿನೈದು ದಿನದಿಂದ ದೇವಸ್ಥಾನದಲ್ಲಿ ಹೆಂಗಸರು ತನ್ನ ಕೈ ಯಾಕೆ ಹಿಸುಕುತ್ತಿದ್ದರು, ಗ್ಯಾಸ್ ಇದೆಯೇ ಎಂದು ವಾಸಂತಿ ಯಾಕೆ ಕೇಳಿದಳು, ಎಲ್ಲ ಒಮ್ಮೆಗೇ ತಿಳಿಯಿತು. ಮೂವತ್ತು ವರ್ಷದ ಹೆಸರು ಹದಿನೈದು ಊಟಕ್ಕೆ ಹೋಗಿತ್ತು. ಅವರಿಗೆ ಬಹಳ ನೋವಾಯಿತು. ಮಧ್ವರಾಜರು ಒಳಗೆ ಬಂದು, ಇಷ್ಟೊಂದು ಅಕ್ಕಿ ಯಾಕೆ ತರಿಸಿದೆ ಎಂದು ಕೇಳಿದರು. ಅಂದಿನಿಂದ ಗಂಡನೊಡನೆ ಮಾತು ನಿಂತಿತು.

ಮರುದಿನ ಭಾನುವಾರ ಸಂಘದ ಸಭೆ. ಕಾರ್ಯದರ್ಶಿ ಕಿಟ್ಟುವಿಗೆ ಪರಿಹಾರ ನಿಧಿ ಎಂದರೆ ಪ್ರಾಣ. ವರ್ಷಕ್ಕೊಮ್ಮೆಯಾದರೂ ಯಾರಿಗಾದರೂ ಕಷ್ಟ ಬರದಿದ್ದರೆ ಅವನು ಚಡಪಡಿಸುತ್ತಿದ್ದ. ಮೈಕು ಹಿಡಿದು, "ನಮ್ಮಲ್ಲೇ ಒಂದು ಕುಟುಂಬ ರೊಂಬ ಕಷ್ಟದಲ್ಲಿದೆ. ಹೆಸರು ಹೇಳಲ್ಲ, ಅದು ಮರ್ಯಾದೆ ಅಲ್ಲ" ಎಂದು, ಮಧ್ವರಾಜರ ಕಡೆಯೇ ನೋಡುತ್ತ ನಿಂತ. ಸಭೆಯೂ ಅತ್ತ ತಿರುಗಿತು. ಪ್ರತಿ ತಿಂಗಳು ದಿನಸಿ ಕಳಿಸುವುದೆಂದು ಠರಾವು ಓದಿದ. ಮಧ್ವರಾಜರಿಗೆ ಈಗಲೂ ಹೊಳೆದಿರಲಿಲ್ಲ. ಯಾರಿರಬಹುದು ಪಾಪ ಎಂದು ತಾವೂ ಜೇಬಿನಿಂದ ಇನ್ನೂರು ತೆಗೆದು ಪಕ್ಕದವರಿಗೆ ಕೊಟ್ಟರು. ಪಕ್ಕದವರು ಆ ನೋಟನ್ನು ಮೆಲ್ಲಗೆ ವಾಪಸು ಅವರ ಜೇಬಿಗೇ ತುರುಕಿ ಬೆನ್ನು ಸವರಿದರು. ಆಗ ಹೊಳೆಯಿತು.

ಹೆಂಗಸರ ಸಾಲಿನಲ್ಲಿ ಜಯಲಕ್ಷ್ಮಿ ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು. ಮೈಕು ಬೇಕಾಗಲಿಲ್ಲ.

"ಮುಂದಿನ ಭಾನುವಾರ ಎಲ್ಲರಿಗೂ ನಮ್ಮನೇಲಿ ಊಟ. ಅಡಿಗೆ ನಂದೇ. ಒಬ್ರೂ ತಪ್ಪಿಸ್ಕೋಬಾರದು," ಎಂದು ಕುಳಿತರು.

ಮಧ್ವರಾಜರು ಎದ್ದು ವಿವರಣೆ ಕೊಡಲು ಹೋದರು. ಅದರಲ್ಲಿ ಮತ್ತೆ ಉಡುಪಿ, ಅಜ್ಜ, ಅಮೆರಿಕ ಬಂದವು. ಬಡತನದಲ್ಲಿ ಬುದ್ಧಿಯೂ ಕದಡಿದೆ ಎಂದು ಬಡತನದ ಪಕ್ಷದವರು ನಿಟ್ಟುಸಿರಿಟ್ಟರು. ರಾಮದಾಸರು ಷರತ್ತಿನ ಪ್ರಕಾರ ಬಾಯಿ ಬಿಡದೆ ಚಾವಣಿ ನೋಡುತ್ತ ಕೂತರು.

ಸೋಮವಾರ ಮಧ್ವರಾಜರು ವಾರಾನ್ನಕ್ಕೆ ಹೋಗದೆ, ಧೈರ್ಯ ಮಾಡಿ ಕಂಪನಿಯ ನಂಬರಿಗೇ ಫೋನು ಹಚ್ಚಿದರು. ಆ ಕಡೆ ಶ್ರೀವಿದ್ಯಾ ಎಂಬ ಹುಡುಗಿ, ಧ್ವನಿ ಚೆನ್ನೈನದೇ. ಮಧ್ವರಾಜರು ತಮಿಳಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಆ ಮೇಲ್ ಎಲ್ಲರಿಗೂ ಹೋಗುತ್ತದೆ, ನಿಮ್ಮನ್ನು ಯಾರೂ ಹುಡುಕುತ್ತಿಲ್ಲ ಎಂದು ಅವಳು ಸಮಾಧಾನ ಹೇಳಿದಳು. ಹಾಗಾದರೆ ಊಟ ಮಾಡಬಹುದೇ ಎಂದು ಇವರು ಕೇಳಿದರು. ಅವಳು, "ಸಾಪ್ಪಾಡೂ ಪೇಮೆಂಟ್ ದಾನ್, ಸಾರ್" ಎಂದಳು. ಕೆಲಸಕ್ಕೆ ಬದಲಾಗಿ ಉಂಡರೆ ಊಟವೂ ಕೂಲಿಯೇ. ಬರಿಯ ಮಜ್ಜಿಗೆಯಾದರೆ ಎಂದು ಇವರು ಕೇಳಿದರು. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಹೋದವಳು ನಾಲ್ಕು ನಿಮಿಷ ಬಿಟ್ಟು ಬಂದು, ಮಜ್ಜಿಗೆಯೂ ಆಗುವುದಿಲ್ಲವಂತೆ ಎಂದಳು. ದೊಡ್ಡ ಪರವಾನಗಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು ಎಂದೂ ಹೇಳಿದಳು. ಮಧ್ವರಾಜರು ಒತ್ತಿದರು. ಹಸಿರು 'ವಿದ್ಯಾರ್ಥಿ' ಮಾಯವಾಯಿತು. ಅವರು ಕೊರಳಿನ ಚೀಟಿ ತೆಗೆದು ದಾರ ಬಿಚ್ಚದ ಪುಸ್ತಕದ ಕಟ್ಟಿನ ಮೇಲಿಟ್ಟರು. ಬೇಸರವಾಯಿತು, ಆದರೆ ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಮಾತಾಡುವವರಿರಲಿಲ್ಲ.

ಆ ವಾರವೆಲ್ಲ ಜಯಲಕ್ಷ್ಮಿ ಸಾಮಾನಿನ ಚೀಟಿ ಬರೆದು ಚಪ್ಪಲಿಯ ಪಕ್ಕ ಇಡುತ್ತಿದ್ದರು. ಮಧ್ವರಾಜರು ಹೊತ್ತು ತರುತ್ತಿದ್ದರು. ಭಾನುವಾರ ಫ್ಲಾಟಿನ ಮಹಡಿಯ ಮೇಲೆ ಶಾಮಿಯಾನ ಬಿತ್ತು. ನಲವತ್ತಾರು ಜನ ಬಂದರು. ಬಡತನದ ಪಕ್ಷದವರು ಪೊಟ್ಟಣಗಳಲ್ಲಿ ಬೇಳೆ ಬೆಲ್ಲ ಬಚ್ಚಿಟ್ಟುಕೊಂಡು ಬಂದಿದ್ದರು. ಜಗಳದ ಪಕ್ಷದವರು ಹೋಟೆಲಿನಿಂದ ತರಿಸಿದ್ದಾರೆಯೇ ಎಂದು ಪಾತ್ರೆಗಳ ತಳ ನೋಡುತ್ತಿದ್ದರು. ಅಮ್ಮಣ್ಣಿ, ಯಾವುದಕ್ಕೂ ಇರಲಿ ಎಂದು ಉಪ್ಪಿನಕಾಯಿ ಭರಣಿ ಹಿಡಿದು ಮಹಡಿ ಹತ್ತಿದರು.

ಎಲೆ ಬಿತ್ತು. ಕೋಸಂಬರಿ, ಎರಡು ಪಲ್ಯ, ಮಜ್ಜಿಗೆಹುಳಿ, ಆಮೇಲೆ ಆ ಸಾರು, ಆಮೇಲೆ ತುಪ್ಪ ಸುರಿದ ಹಯಗ್ರೀವ. ಮೊದಲ ಹತ್ತು ನಿಮಿಷ ಪಿಸುಮಾತಿತ್ತು. ಸಾರು ಬಂದ ಮೇಲೆ ಅದೂ ಇಲ್ಲ, ಸುರಿಯುವ ಸದ್ದು ಮಾತ್ರ. ಮಧ್ವರಾಜರು ಪಂಚೆ ಎತ್ತಿ ಕಟ್ಟಿ ನೀರು ಬಡಿಸುತ್ತಿದ್ದರು. ಅಮ್ಮಣ್ಣಿ ಹಯಗ್ರೀವ ಮುಗಿಸಿ, ಬೆರಳು ನೆಕ್ಕಿ, ಅವರನ್ನು ಕರೆದರು. ಅಮ್ಮಣ್ಣಿಗೆ ಕಿವಿ ಮಂದ, ಆದ್ದರಿಂದ ಅವರು ಮಾತಾಡಿದರೆ ಇಡೀ ಮಹಡಿಗೆ ಕೇಳುತ್ತಿತ್ತು.

"ನಿನ್ ಹೆಂಡ್ತಿ ಮನೇಲಿ ದಿನಾ ಅಡಿಗೆ ಮಾಡ್ತಿದ್ಲೇನೋ?"

"ದಿನಾ ಮಾಡಿ ಮುಚ್ಚಿಡ್ತಿದ್ಲು, ಅತ್ತೆ."

"ಇದನ್ನ ಬಿಟ್ಟು ನಮ್ಮನೆ ಹುರುಳಿಕಾಯಿ ತಿನ್ನಕ್ಕೆ ಬರ್ತಿದ್ಯಾ?"

ಮಧ್ವರಾಜರು ಬಾಯಿ ತೆರೆದರು. ಪರವಾನಗಿ, ವಾಣಿಜ್ಯ, ಇಪ್ಪತ್ತೇಳು ಪುಟ, ಎಲ್ಲ ನಾಲಿಗೆಯ ತುದಿಗೆ ಬಂತು. ಈಗ ಹೇಳಲು ಯಾವ ಷರತ್ತೂ ಅಡ್ಡವಿರಲಿಲ್ಲ. ಆದರೆ ಸಾಲಿನ ಆ ತುದಿಯಲ್ಲಿ ಜಯಲಕ್ಷ್ಮಿ ಸೌಟು ಹಿಡಿದು ನಿಂತಿದ್ದರು. ಎಂಟು ದಿನದಲ್ಲಿ ಆಕೆ ಎಷ್ಟು ಬಾಡಿದ್ದಾರೆ ಎಂಬುದು ಮಧ್ವರಾಜರ ಕಣ್ಣಿಗೆ ಈಗ ಬಿತ್ತು. ಅಜ್ಜ, ಉಡುಪಿ, ಅಮೆರಿಕ ಮೂವರನ್ನೂ ನುಂಗಿಕೊಂಡರು.

"ಹೌದು ಅತ್ತೆ," ಎಂದರು. "ಅವಳದೇನೂ ತಪ್ಪಿಲ್ಲ. ನಂಗೆ ಮೊದಲಿಂದಲೂ ಬುದ್ಧಿ ಸ್ವಲ್ಪ ಕಮ್ಮಿ."

ಅಮ್ಮಣ್ಣಿ ಸಭೆಗೆ ತಿರುಗಿ ತೀರ್ಪು ಕೊಟ್ಟರು. "ಕೇಳಿದ್ರಾ? ಬಡತನವೂ ಇಲ್ಲ, ಜಗಳವೂ ಇಲ್ಲ. ಇವನಿಗೆ ಬುದ್ಧಿ ಇಲ್ಲ, ಅಷ್ಟೇ. ಇಂಥವನನ್ನ ಕಟ್ಕೊಂಡೂ ಇಷ್ಟು ರುಚಿಯಾಗಿ ಮಾಡ್ತಾಳಲ್ಲ, ಅದು ದೊಡ್ಡದು."

ನಲವತ್ತಾರು ತಲೆಗಳು ಎಲೆಯ ಮೇಲೆ ಒಟ್ಟಿಗೆ ಆಡಿದವು. ಎರಡು ಪಕ್ಷಗಳೂ ಅಲ್ಲೇ ವಿಸರ್ಜನೆಯಾದವು. ಕಿಟ್ಟು ಠರಾವನ್ನು ಹರಿದು ಎಲೆಯ ಪಕ್ಕ ಇಟ್ಟು, ಇನ್ನೊಂದು ಸಲ ಸಾರು ಕೇಳಿದ. ಮುಂದಿನ ಸಂತರ್ಪಣೆಗೆ ಏನು ಮಾಡಿಸಬೇಕು ಎಂದು ಹೆಂಗಸರು ಜಯಲಕ್ಷ್ಮಿಯನ್ನು ಸುತ್ತಿಕೊಂಡರು.

ಎಲ್ಲರೂ ಉಂಡೆದ್ದ ಮೇಲೆ ಮಧ್ವರಾಜರು ಕೊನೆಯ ಪಂಕ್ತಿಯಲ್ಲಿ, ನೀರು ತೊಟ್ಟಿಯ ಪಕ್ಕ ಒಬ್ಬರೇ ಕೂತರು. ಇಪ್ಪತ್ತು ದಿನದ ಮೇಲೆ ಮಧ್ಯಾಹ್ನದ ಹೊತ್ತು ಹೆಂಡತಿ ಬಡಿಸಿದ ಅನ್ನ ಎಲೆಗೆ ಬಿತ್ತು. ತಲೆ ಎತ್ತಿ ನೋಡಲು ಧೈರ್ಯವಾಗಲಿಲ್ಲ. ಸಾರಿನ ಪಾತ್ರೆ ಬಂದು ಎದುರು ನಿಂತಿತು. ಸೌಟು ಪಾತ್ರೆಯಲ್ಲಿ ಎರಡು ಸಲ ಆಡಿತು.

"ಅನ್ನದಲ್ಲಿ ಗುಂಡಿ ಮಾಡ್ಕೊಳ್ಳಿ," ಎಂದರು ಜಯಲಕ್ಷ್ಮಿ. "ಸಾರು ಹರಿದುಹೋಗತ್ತೆ."

ಮಧ್ವರಾಜರು ಅನ್ನದ ನಡುವೆ ದೊಡ್ಡದೊಂದು ಗುಂಡಿಯನ್ನೇ ತೋಡಿದರು.